ವಿಳಂಬ ವೀಕ್ಷಣ ಮೀಮಾಂಸೆ: ಮೊಳಕಾಲ್ಮೂರಿನ ಬಂಡೆಗಳ ಆಧಾರದಿಂದ

60 ವರ್ಷ ದಾಟಿದ ವೈಜ್ಞಾನಿಕ ಧಾರಾವಾಹಿಯೊಂದನ್ನು ಈಗ ನೋಡಲು ಕೂತವರಿಗೆ ಲೋಕ ಹೇಳುವುದು ಎರಡೇ ಮಾತು. ‘ಅಯ್ಯೋ, ಇನ್ನೂ ನೋಡಿಲ್ವಾ?’ ಎಂಬುದು ಒಂದು. ‘ಈಗ್ಯಾಕೆ ಬಿಡಿ’ ಎಂಬುದು ಇನ್ನೊಂದು. ಎರಡೂ ಅಶಾಸ್ತ್ರೀಯವೆಂದು ಸಾಧಿಸುವುದು ಈ ಪ್ರಬಂಧದ ಉದ್ದೇಶ. ಪರೀಕ್ಷೆಗೆ ಎತ್ತಿಕೊಂಡ ಕೃತಿ ಬಿಬಿಸಿಯ ‘ಡಾಕ್ಟರ್ ಹೂ’. 1963ರ ನವೆಂಬರ್ 23ರಂದು ಶುರುವಾಗಿ, 1989ರಲ್ಲಿ ನಿಂತು, 2005ರಲ್ಲಿ ಮತ್ತೆ ಎದ್ದು ಕೂತ ಈ ಧಾರಾವಾಹಿಯ ನಾಯಕ ಒಂದು ನೀಲಿ ಪೊಲೀಸ್ ಪೆಟ್ಟಿಗೆಯೊಳಗೆ ಹೊಕ್ಕು ಕಾಲದಲ್ಲಿ ಹಿಂದೆ ಮುಂದೆ ಓಡಾಡುವವನು. ಕಾಲಯಾನದ ಕಥೆಗೆ ತಡವಾಗಿ ಬಂದೆನಲ್ಲ ಎಂದು ಕೊರಗುವುದೇ ತರ್ಕದೋಷ. ಆದರೆ ಅಷ್ಟಕ್ಕೇ ಪಂಡಿತರು ತಲೆದೂಗುವುದಿಲ್ಲ, ಪ್ರಮಾಣ ಕೇಳುತ್ತಾರೆ. ಪ್ರಮಾಣಗಳು ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲಿವೆ.

ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನ ಒಂದೇ ಸಂದೇಶ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಅಕ್ಕಪಕ್ಕದ ಜಾಗಗಳಲ್ಲಿ ಕೆತ್ತಲ್ಪಟ್ಟಿತು. ಮರುಪ್ರಸಾರದ ಪರಿಕಲ್ಪನೆ ನಮ್ಮಲ್ಲಿ ಎಷ್ಟು ಹಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೊರಟ ಈ ಪ್ರಸಾರ ಶುರುವಾಗುವುದು ವೀಕ್ಷಕರ ಆರೋಗ್ಯ ವಿಚಾರಿಸಿಕೊಂಡು. ಮುಗಿಯುವುದು ಲಿಪಿಕಾರ ಚಪಡನ ಹೆಸರಿನೊಂದಿಗೆ. ‘ಲಿಪಿಕಾರ’ ಎಂಬ ತನ್ನ ಹುದ್ದೆಯನ್ನು ಅವನು ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದುಕೊಂಡಿದ್ದಾನೆ. ಕೊನೆಯಲ್ಲಿ ಓಡುವ ಹೆಸರಿನ ಪಟ್ಟಿಯಲ್ಲಿ ಎದ್ದು ಕಾಣಬೇಕೆಂಬ ತಂತ್ರಜ್ಞರ ಹಂಬಲಕ್ಕೆ ಇದಕ್ಕಿಂತ ಹಳೆಯ ಪುರಾವೆ ಈ ಜಿಲ್ಲೆಯಲ್ಲಂತೂ ಇಲ್ಲ. ಕಾಲಾಂತರದಲ್ಲಿ ಶಾಸನದ ಬ್ರಾಹ್ಮಿ ಲಿಪಿಯೇ ಮರೆತುಹೋಯಿತು. ಬ್ರಹ್ಮಗಿರಿಯ ಬಂಡೆ ಊರವರ ಬಾಯಲ್ಲಿ ‘ಅಕ್ಷರ ಗುಂಡು’ ಆಯಿತು. ಜಟಿಂಗ ರಾಮೇಶ್ವರದ್ದು ‘ಬಳೆಗಾರ ಗುಂಡು’, ಏಕೆಂದರೆ ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಅದರ ಮೇಲೆ. ಸಾಮ್ರಾಟನ ಧರ್ಮಸಂದೇಶದ ಮೇಲೆ ಗಾಜಿನ ಬಳೆ ಹರವಿಕೊಂಡು ಚೌಕಾಸಿ ನಡೆದದ್ದು, ಕೆಟ್ಟ ಟಿವಿಯ ಮೇಲೆ ಹೂದಾನಿ ಇಟ್ಟಷ್ಟೇ ಸಹಜ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿಗೆ ಬಂದು ಓದಿದ. ಸುಮಾರು 2,150 ವರ್ಷ ತಡ. ಆದರೂ ‘ಈಗ್ಯಾಕೆ ಬಿಡಿ ರೈಸ್ ಸಾಹೇಬ್ರೆ’ ಎಂದು ಯಾರೂ ಅಂದಂತಿಲ್ಲ.

ಇನ್ನೂ ಬಲವಾದ ಪುರಾವೆ ಶಾಸನದ ಒಡಲಲ್ಲೇ ಇದೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದರೂ ಮೊದಲ ಒಂದು ವರ್ಷ ಹೆಚ್ಚೇನೂ ಶ್ರಮ ಪಡಲಿಲ್ಲ, ಆಮೇಲಷ್ಟೇ ಹುರುಪು ಬಂತು ಎಂದು ಅಶೋಕನೇ ಹೇಳಿಕೊಳ್ಳುತ್ತಾನೆ. ಮೊದಲ ಸೀಸನ್ ಎಳೆಯುತ್ತದೆ, ಎರಡನೆಯದರಿಂದ ಹಿಡಿತಕ್ಕೆ ಬರುತ್ತದೆ ಎಂಬ ಅಭಿಮಾನಿಗಳ ಸಾರ್ವಕಾಲಿಕ ಸಮಜಾಯಿಷಿಗೆ ಇದೇ ಮೂಲವೆಂದು ಈ ಪ್ರಬಂಧ ಊಹಿಸುತ್ತದೆ.

ಪೂರ್ವಪಕ್ಷದವರು ಹೇಳುತ್ತಾರೆ: ತಡವಾಗಿ ಬಂದವರಿಗೆ ಕಥೆ ಮೊದಲೇ ಗೊತ್ತಾಗಿರುತ್ತದೆ, ಸ್ವಾರಸ್ಯವೆಲ್ಲಿ? ರಾತ್ರಿಯಿಡೀ ಬಯಲಾಟ ನೋಡುವ ಸೀಮೆಯಲ್ಲಿ ನಿಂತು ಈ ಪ್ರಶ್ನೆ ಕೇಳಬಾರದು. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ಜನ ಚಾಪೆ ಹಿಡಿದು ಬರುತ್ತಾರೆ. ನಡುರಾತ್ರಿ ಬಂದವನು ‘ಎಲ್ಲಿಗ್ಬಂತು?’ ಎಂದರೆ ಪಕ್ಕದವನು ಒಂದು ಮಾತಲ್ಲಿ ಹೇಳಿ ಜಾಗ ಬಿಡುತ್ತಾನೆ. ಎರಡನೆಯ ಆಕ್ಷೇಪ: ವಾರವಾರ ಎಲ್ಲರೊಂದಿಗೆ ಕಾದು ನೋಡುವ ಸುಖ ತಡವಾದವರಿಗಿಲ್ಲ. ಇದು ನಿಜ. ಆದರೆ ಇಂಥ ವಿದೇಶಿ ಧಾರಾವಾಹಿಗಳ ವಿಷಯದಲ್ಲಿ ಆ ಸುಖ ಆಗ ಭಾರತಕ್ಕೂ ಇರಲಿಲ್ಲ. 1966ರಿಂದ 1969ರವರೆಗೆ 79 ಕಂತು ಓಡಿ ಮುಗಿದ ‘ಸ್ಟಾರ್ ಟ್ರೆಕ್’ ದೂರದರ್ಶನದಲ್ಲಿ ಕಾಣಿಸಿಕೊಂಡದ್ದು 1980ರ ದಶಕದಲ್ಲಿ. ಇಡೀ ದೇಶವೇ ಒಟ್ಟಿಗೆ ಕೂತು ತಡವಾಗಿ ನೋಡಿತು. ಅಲ್ಲದೆ, ಮೊದಲು ಬಂದವರ ಕೈಯಲ್ಲಿ ಉಳಿದಿರುವುದಾದರೂ ಏನು? ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿಬಿಟ್ಟ ಕಾರಣ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದಿಗೂ ಸಿಕ್ಕಿಲ್ಲ. ಧ್ವನಿ ಮಾತ್ರ ಇದೆ, ಅದೂ ಮನೆಯ ಟಿವಿಯ ಮುಂದೆ ರೆಕಾರ್ಡರ್ ಇಟ್ಟುಕೊಂಡ ಕೆಲವು ಅಭಿಮಾನಿಗಳ ದೆಸೆಯಿಂದ. ಆ ಚಪಡರಿಗೆ ನಮಸ್ಕಾರ. ಉಳಿದ ಮೊದಲಿಗರು ನೋಡಿ ಮರೆತವರು.

ಎಲ್ಲಿಂದ ಶುರು ಮಾಡಬೇಕೆಂಬ ಜಗಳವನ್ನು 1947ರಲ್ಲೇ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದು ಬಗೆಹರಿಸಿದ್ದಾನೆ. ಅಗೆಯುವವನಿಗೆ ಮೊದಲು ಸಿಗುವುದು ಕೊನೆಯ ಕಾಲ. 1963ರಿಂದಲೇ ಅಗೆಯುತ್ತೇನೆಂಬ ಹಠ ಪುರಾತತ್ವಕ್ಕೆ ವಿರುದ್ಧ. ಆದ್ದರಿಂದ 2005ರ ಪದರದಿಂದ ಕೆಳಗಿಳಿಯುವುದೇ ಶಾಸ್ತ್ರೋಕ್ತ. ಕಲ್ಲುಕೊಡಲಿಯವರ ಕಾಲ ಪೂರ್ತಿ ಮುಗಿಯುವ ಮೊದಲೇ ಬೃಹತ್ ಶಿಲಾ ಸಮಾಧಿಯವರು ಬಂದಿದ್ದರೆಂದೂ ಅವನು ಕಂಡುಕೊಂಡ. 1966ರಲ್ಲಿ ಕಾಯಿಲೆ ಬಿದ್ದ ವಿಲಿಯಂ ಹಾರ್ಟ್ನೆಲ್ ಜಾಗಕ್ಕೆ ಪ್ಯಾಟ್ರಿಕ್ ಟ್ರೌಟನ್‌ನನ್ನು ತಂದು, ಅದೇ ಡಾಕ್ಟರ್ ಮೈ ಬದಲಿಸಿದ ಎಂದು ವೀಕ್ಷಕರನ್ನು ಒಪ್ಪಿಸಿದವರಿಗೆ ಈ ವರದಿ ತಲುಪಿತ್ತೋ ಏನೋ.

ಕಷ್ಟದ ಆಕ್ಷೇಪ ಬರುವುದು ಪಕ್ಕದ ಚಳ್ಳಕೆರೆಯಿಂದ. ಮೇಲ್ನೋಟಕ್ಕೆ ಚಳ್ಳಕೆರೆಯೂ ನಮ್ಮ ಪಕ್ಷವೇ. ಅಮೆರಿಕದ ಕೊಲಂಬಿಯಾ ನೌಕೆ ಬಾಹ್ಯಾಕಾಶದಿಂದ ಬಂದು ರನ್‌ವೇಗೆ ಇಳಿದದ್ದು 1981ರಲ್ಲಿ. ಇಸ್ರೊ ತನ್ನ ರೆಕ್ಕೆಯ ವಾಹನವನ್ನು ಚಳ್ಳಕೆರೆಯ ಪರೀಕ್ಷಾ ವಲಯದ ಮೇಲೆ ಹೆಲಿಕಾಪ್ಟರಿನಿಂದ ಬಿಟ್ಟು ತಾನೇ ಇಳಿಯುವಂತೆ ಮಾಡಿದ್ದು 2023ರ ಏಪ್ರಿಲ್ 2ರಂದು. 2024ರ ಮಾರ್ಚ್, ಜೂನ್‌ಗಳಲ್ಲಿ ಇನ್ನೆರಡು ಕಂತು. ತಡವಾಗಿ ಬಂದು ಚೆನ್ನಾಗಿಯೇ ಇಳಿದರು. ಆದರೆ ಇಲ್ಲಿನ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಇಂಥ ಸಂಸ್ಥೆಗಳಿಗೆ ಹಂಚಿಕೆಯಾದ ಕಥೆ, ಅದೇ ಹುಲ್ಲಿನಲ್ಲಿ ಕುರಿ-ದನ ಮೇಯಿಸುತ್ತಿದ್ದ ಹಳ್ಳಿಗಳಿಗೆ ತಿಳಿದದ್ದು ಗೋಡೆ ಏಳತೊಡಗಿದಾಗ. ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಧಾರಾವಾಹಿ ತಡವಾದವರಿಗಾಗಿ ಕಾದಿರುತ್ತದೆ, ಹುಲ್ಲು ಕಾಯಲಿಲ್ಲ. ಇದಕ್ಕೆ ಸಿದ್ಧಾಂತಪಕ್ಷದಲ್ಲಿ ಉತ್ತರವಿಲ್ಲದ ಕಾರಣ ಪ್ರಬಂಧದ ವ್ಯಾಪ್ತಿಯನ್ನೇ ಮೊಟಕುಗೊಳಿಸಲಾಗಿದೆ: ಇದು ಧಾರಾವಾಹಿ, ಶಾಸನ ಮತ್ತು ರಾಕೆಟ್ಟುಗಳಿಗೆ ಅನ್ವಯ; ಪಹಣಿ, ಮ್ಯುಟೇಶನ್ ಹಾಗೂ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಅನ್ವಯವಾಗುವುದಿಲ್ಲ.