ಎಂಜಿನ್ ಬದುಕಿಸಿದವರು

ಕೋಡಿಬೆಂಗ್ರೆಯಲ್ಲಿ ಸುವರ್ಣಾ ನದಿ ಕಡಲು ಸೇರುವ ಅಳಿವೆಯತ್ತ ಗಾಳ ಹಾಕಲು ಹೊರಟ ನಮ್ಮಲ್ಲಿ ಮೀನು ಹಿಡಿಯಲು ಬರುತ್ತಿದ್ದುದು ದೋಣಿಯವನೊಬ್ಬನಿಗೆ. ಉಳಿದವರು ಒಬ್ಬ ದಂತವೈದ್ಯರು, ಬ್ಯಾಂಕಿನಿಂದ ನಿವೃತ್ತರಾದ ರಾಯರು, ನನ್ನ ಭಾವ ಮತ್ತು ಪ್ರೇಕ್ಷಕನಾಗಿ ನಾನು.

ನಮ್ಮ ಕರಾವಳಿಯ ನಾಡದೋಣಿಗಳ ಎಂಜಿನ್ ಹೆಚ್ಚಾಗಿ ಸೀಮೆಎಣ್ಣೆಯದು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಾವು ಹತ್ತಿದ್ದು ಮಾತ್ರ ಅಪ್ಪಟ ಪೆಟ್ರೋಲಿನ ದೋಣಿ. ಪೆಟ್ರೋಲಿನ ಅರ್ಧ ಖರ್ಚು ಭಾವನದು. ಹಾಗಾಗಿ ಅವನಿಗೆ ನದಿ, ತೆಂಗಿನ ಸಾಲು, ಹದ್ದು ಯಾವುದೂ ಕಾಣಲಿಲ್ಲ. ಟ್ಯಾಂಕು ಕಾಣುತ್ತಿತ್ತು.

ಅಳಿವೆ ಇನ್ನೂ ದೂರವಿರುವಾಗಲೇ ಎಂಜಿನ್ ಎರಡು ಸಲ ಸೀನಿ ನಿಂತಿತು. ದಂತವೈದ್ಯರು ತೋಳೇರಿಸಿ ಸ್ಪಾರ್ಕ್ ಪ್ಲಗ್ ಕಿತ್ತರು. ಕೀಳುವುದು ಅವರಿಗೆ ಕೈಗೆ ಬಂದ ವಿದ್ಯೆ. ಮಸಿ ಒರೆಸಿ, ಮತ್ತೆ ಕೂರಿಸಿ, ಹಗ್ಗ ಎಳೆದದ್ದೇ ತಡ, ಬುರ್ರ್! ಆ ಗದ್ದಲದಲ್ಲಿ ಭಾವ ಮುಚ್ಚಳ ತೆಗೆದು ಪೆಟ್ರೋಲ್ ಎಷ್ಟಿದೆಯೆಂದು ಇಣುಕಿದ್ದು, ಒಂದು ಹನಿಯೂ ಆವಿಯಾಗದಿರಲೆಂದು ಮುಚ್ಚಳದ ಮೇಲಿನ ಪುಟ್ಟ ತಿರುಪನ್ನೂ ಬಿಗಿದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಈಗ ರಾಯರ ಸರದಿ. ಎಂಜಿನ್ ಎತ್ತಿಸಿ, ಪ್ರೊಪೆಲ್ಲರಿಗೆ ಸುತ್ತಿದ್ದ ಬಲೆಯ ಚೂರನ್ನು ತಲೆಮರೆಸಿಕೊಂಡ ಸಾಲಗಾರ ಸಿಕ್ಕಿಬಿದ್ದಷ್ಟು ಸಂತೋಷದಿಂದ ಎಳೆದು ತೆಗೆದರು. ಭಾವ ಇನ್ನೊಮ್ಮೆ ಇಣುಕಿ, ಇನ್ನೊಮ್ಮೆ ಬಿಗಿದ. ಎಂಜಿನ್ ಶುರುವಾಯಿತು. ಕೀರ್ತಿ ರಾಯರ ಖಾತೆಗೆ ಜಮಾ. "ಪ್ಲಗ್ಗು ಕ್ಲೀನಾಗಿರದಿದ್ದರೆ ನಿಮ್ಮ ಬಲೆ ತೆಗೆದು ಏನು ಪ್ರಯೋಜನ?" ಎಂದು ದಂತವೈದ್ಯರು ಸಣ್ಣಗೆ ಕೆಣಕಿದರು. ಪ್ಲಗ್ ಪಕ್ಷ, ಬಲೆ ಪಕ್ಷಗಳ ವಾದ ಕಾವೇರುವಷ್ಟರಲ್ಲಿ ಮೂರನೆಯ ಬಾರಿ ಮೌನ.

ದೋಣಿಯವನಿಗೆ ಇದರಿಂದ ನಷ್ಟವೇನಿರಲಿಲ್ಲ. ಗಾಳ ಹಾಕಬೇಕಾದರೆ ಎಂಜಿನ್ ನಿಲ್ಲಿಸಲೇಬೇಕಷ್ಟೆ. ನಾವು ರಿಪೇರಿಗೆ ಇಳಿದಾಗಲೆಲ್ಲ ಅವನು ಮುಂದಿನ ತುದಿಯಲ್ಲಿ ಕೂತು ಒಳ್ಳೊಳ್ಳೆಯ ಕಾಣೆ ಮೀನು ಎತ್ತುತ್ತಿದ್ದ. ಈ ಸಲ ಮಾತ್ರ, ಬಹುಶಃ ಊಟದ ಹೊತ್ತಾಯಿತೆಂದು, ಹಿಂದಕ್ಕೆ ಬಂದ. ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಗುಂಡು ಹಿಸುಕಿ ನೋಡಿದ. ಅದು ಚಪ್ಪಟೆಯಾಗಿತ್ತು. ಟ್ಯಾಂಕಿನ ಕೆನ್ನೆಗಳೂ ಒಳಸೇರಿದ್ದವು. ಮುಚ್ಚಳದ ತಿರುಪು ಸಡಿಲಿಸಿದ. ಟ್ಯಾಂಕು 'ಉಸ್ಸ್' ಎಂದು ಗಾಳಿ ಎಳೆದುಕೊಂಡಿತು.

"ಗಾಳಿ ಒಳ್ಗ್ ಹೋಪುಕ್ ಬಿಡ್ದಿರೆ ಎಣ್ಣಿ ಹ್ಯಾಂಗ್ ಬತ್ತ್ ಮಾರಾಯ್ರೆ?"

ಎಲ್ಲರೂ ಭಾವನತ್ತ ತಿರುಗಿದರು. ಅವನು ಕುಗ್ಗುತ್ತಾನೆಂದು ನಿರೀಕ್ಷಿಸಿದವರಿಗೆ ಅವನ ಪರಿಚಯವಿಲ್ಲ. "ಅಂದರೆ ಎರಡೂ ಸಲ ಮುಚ್ಚಳ ತೆಗೆದು ಎಂಜಿನ್ ಬದುಕಿಸಿದ್ದು ನಾನೇ!" ಎಂದ. ದಡದಲ್ಲಿ ದೋಣಿಯವನು ತನ್ನ ಕಾಣೆ ನಮಗೂ ಹಂಚುವಾಗ, ಆ ಸೇವೆಯ ಬಾಬ್ತು ಎರಡು ಹೆಚ್ಚಿಗೆ ಕೇಳಿದ.