ಪುಕ್ಕಟೆ ಪೆಂಗ್ವಿನ್

"ರೀ, ಕಂಪ್ಯೂಟರ್ ಕೆಟ್ಟಿತ್ತಾ?"

"ಇಲ್ಲ ಕಣೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯಸ್ಸು ಮುಗೀತು. 11 ಹಾಕೋಕೆ ಹೊಸ ಮಷೀನೇ ಬೇಕಂತೆ. ಕಿಟಕಿ ಕಿತ್ತೆಸೆದು ಲಿನಕ್ಸ್ ಹಾಕಿದೆ. ಪುಕ್ಕಟೆ!"

"ಪುಕ್ಕ ಇದ್ದೂ ಹಾರದ ಹಕ್ಕಿ ಅಲ್ವಾ ಅದರ ಗುರುತು?"

"1991ರಲ್ಲೇ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಇನ್ನು ನಾನು ಸ್ವತಂತ್ರ!"

"ಹಾಗಾದ್ರೆ ಪುಟ್ಟಿ ಪ್ರಾಜೆಕ್ಟ್ ಪ್ರಿಂಟ್ ತೆಗೀರಿ."

"ಪ್ರಿಂಟರಿಗೆ ಡ್ರೈವರ್ ಸಿಗ್ತಿಲ್ಲ."

"ಪಾಪ, ಭಾನುವಾರ ರಜ ಇರ್ಬೇಕು."

"ಇರು, ‘ಸುಡೋ’ ಅಂತ ಕಮಾಂಡ್ ಹೊಡೀತೀನಿ."

"ಸುಡೋದೇನು ಬಂತು, ನೋಡ್ಕೊಳ್ಳಿ ಅಂದಿದ್ದ ಹಾಲು ಆಗ್ಲೇ ಸೀದಿದೆ."

"ಪಾಸ್‌ವರ್ಡ್ ಹೊಡೆದ್ರೆ ಒಂದಕ್ಷರಾನೂ ಕಾಣ್ತಿಲ್ವಲ್ಲೇ!"

"ಸ್ವಾತಂತ್ರ್ಯ ಹಾಗೇ ಕಣ್ರೀ, ಕಣ್ಣಿಗೆ ಕಾಣಲ್ಲ."

ಕೊನೆಗೆ ಪ್ರಿಂಟ್ ಬಂದದ್ದು ಮೂಲೆಯ ಸೈಬರ್ ಸೆಂಟರಿನಲ್ಲಿ, ಪುಟಕ್ಕೆ 10 ರೂಪಾಯಿ. ಅಲ್ಲಿ ಓಡುತ್ತಿದ್ದದ್ದು ವಿಂಡೋಸ್ 7.