ಶ್ರೀ ‘ಮಿ’ ಅಕ್ಷರದವರ ದಿವ್ಯ ಸನ್ನಿಧಿಗೆ

ಚೀನೀ ಲಿಪಿಯಲ್ಲಿ ಅಕ್ಕಿ ಎಂಬ ಪಟ್ಟದಲ್ಲಿ ವಿರಾಜಮಾನರಾಗಿರುವ ಶ್ರೀ ಮಿ ಅವರಿಗೆ, ನವಣೆ ಉಣ್ಣುವ ಸೀಮೆಯವನೊಬ್ಬನ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ.

ತಮ್ಮದು ಎಂಥ ಸರಳ ಮೈಕಟ್ಟು! ಅಡ್ಡ ಒಂದು, ನೆಟ್ಟಗೆ ಒಂದು, ಓರೆ ನಾಲ್ಕು. ಆರೇ ಗೆರೆಗಳಲ್ಲಿ ಮುಗಿಯಿತು. ಮೂರು ಸಾವಿರ ವರ್ಷಗಳ ಹಿಂದೆ ಆಮೆಚಿಪ್ಪು, ದನದ ಮೂಳೆಗಳ ಮೇಲೆ ತಮ್ಮನ್ನು ಕೊರೆದವರು ಒಂದು ಅಡ್ಡಗೆರೆ ಎಳೆದು ಮೇಲೂ ಕೆಳಗೂ ಕಾಳು ಉದುರಿಸಿದ್ದರು, ಅಷ್ಟೆ. ಕ್ರಿ.ಶ. 100ರ ಸುಮಾರಿಗೆ ಶು ಶೆನ್ ಎಂಬ ಪಂಡಿತರು ನಿಘಂಟು ಬರೆದಾಗ ತಮ್ಮನ್ನು ನವಣೆಯ ಕಾಳು ಎಂದೇ ದಾಖಲಿಸಿದ್ದಾರೆ. ಉತ್ತರ ಚೀನಾದ ಹೊಟ್ಟೆ ತುಂಬಿಸಿದ ಧಾನ್ಯ ಅದೇ ತಾನೆ? ಕಾಲಕ್ರಮೇಣ ತಾವು ಭತ್ತದ ಮನೆಗೆ ದತ್ತು ಹೋದಿರಿ. ಹೋಗಲಿ, ಏಳಿಗೆ ಯಾರಿಗೆ ಬೇಡ? ಆದರೆ ಈಗ ಅಲ್ಲಿ ಅಕ್ಕಿ ‘ದೊಡ್ಡ ಮಿ’, ನವಣೆ ‘ಸಣ್ಣ ಮಿ’. ಹೆತ್ತ ಮನೆಗೆ ಇಂಥ ಬಿರುದು ಕೊಟ್ಟ ತಮ್ಮ ಔದಾರ್ಯಕ್ಕೆ ಕೈಮುಗಿಯುತ್ತೇನೆ. ಕುಟ್ಟಿ ಹೊಟ್ಟು ತೆಗೆದ ಕಾಳನ್ನೆಲ್ಲ ನಾವೂ ಅಕ್ಕಿ ಎನ್ನುವವರೇ. ಆದರೆ ನಮ್ಮಲ್ಲಿ ಅದು ನವಣಕ್ಕಿ, ಸಾಮೆಯಕ್ಕಿ. ಸಣ್ಣಕ್ಕಿ ಎಂದು ಕರೆಸಿಕೊಳ್ಳುವ ಕರ್ಮ ನವಣೆಗಿಲ್ಲ. (ಬೆಂಗಳೂರಿನಲ್ಲಿ ಭಾರತದ ಪ್ರಧಾನ ಕಚೇರಿ ಮಾಡಿಕೊಂಡಿರುವ ಶಿಯಾವೋಮಿ ಫೋನಿನ ಹೆಸರೂ ಇದೇ ‘ಸಣ್ಣ ಮಿ’. ನವಣೆ ಬಿಟ್ಟು ಪಟ್ಟಣ ಸೇರಿದವರ ಜೇಬಿನಲ್ಲೂ ನವಣೆ!)

ಜಪಾನಿನಲ್ಲಂತೂ ತಮಗೆ ಒಂದು ಕಂಠ ಸಾಲದೆ ಮೂರಾಯಿತು. ಒಂಟಿಯಾಗಿದ್ದರೆ ಕೊಮೆ, ಜೊತೆಗೂಡಿದರೆ ಮಾಯ್ ಇಲ್ಲವೇ ಬೇ. ಅಮೆರಿಕ ಎಂಬ ಹೆಸರನ್ನು ಚೀನೀ ಅಕ್ಷರಗಳಲ್ಲಿ ದನಿ ಹೊಂದಿಸಿ ಬರೆಯುವಾಗ ನಡುವಿನ ‘ಮೆ’ಗೆ ತಾವು ಒದಗಿ ಬಂದಿರಿ. ಆಮೇಲೆ ಅಕ್ಕಪಕ್ಕದವರೆಲ್ಲ ಉದುರಿಹೋಗಿ, ಇಡೀ ದೇಶವೇ ಬೇಕೊಕು, ಅಂದರೆ ಅಕ್ಕಿನಾಡು ಆಯಿತು. ಚೀನಾ ಕೊರಿಯಾಗಳು ಅದೇ ದೇಶವನ್ನು ‘ಸುಂದರ’ ಎಂಬರ್ಥದ ಬೇರೊಂದು ಅಕ್ಷರದಿಂದ ಕರೆದು ಸುಖವಾಗಿವೆ. ಜಪಾನಿನ ಪತ್ರಿಕೆಯ ತಲೆಬರಹದಲ್ಲಿ ತಾವೊಬ್ಬರೇ ನಿಂತರೆ ಅದು ಅಮೆರಿಕ. ಅಮೆರಿಕದಲ್ಲಿ ಬೆಳೆದ ಅಕ್ಕಿ ಎಂದು ಬರೆಯಲು ನಾಲ್ಕು ಅಕ್ಷರ. ಮೊದಲನೆಯದೂ ತಾವೇ, ಕೊನೆಯದೂ ತಾವೇ. ಮಾರುವವರೂ ತಾವು, ಮಾರಾಟವಾಗುವವರೂ ತಾವು! 1918ರಲ್ಲಿ ಅಕ್ಕಿಯ ಬೆಲೆ ಏರಿ, ತೊಯಾಮ ಸೀಮೆಯ ಮೀನುಗಾರರ ಮನೆಯ ಹೆಂಗಸರಿಂದ ಶುರುವಾದ ದಂಗೆ ದೇಶಕ್ಕೆಲ್ಲ ಹಬ್ಬಿ ಪ್ರಧಾನಿ ತೆರಾವುಚಿ ಅವರ ಸರ್ಕಾರವೇ ಬಿದ್ದಾಗ, ಆ ಗಲಭೆಗೂ ತಮ್ಮದೇ ನಾಮಧೇಯ.

ತಮ್ಮ ಗೆರೆಗಳನ್ನು ಬಿಡಿಸಿಟ್ಟರೆ ಎಂಟು-ಹತ್ತು-ಎಂಟು ಕಾಣುತ್ತದೆಂದು ಅಲ್ಲಿ 88 ತುಂಬಿದ ಅಜ್ಜ ಅಜ್ಜಿಯರ ಸಂಭ್ರಮಕ್ಕೆ ತಮ್ಮ ಹೆಸರಿಟ್ಟಿದ್ದಾರೆ. ನಮ್ಮ ಸಹಸ್ರ ಚಂದ್ರ ದರ್ಶನದ ಹಾಗೆ. ಅಕ್ಕಿ ಬೆಳೆಯಲು ರೈತನಿಗೆ 88 ಕೆಲಸ ಎಂದೂ ಹೇಳುತ್ತಾರೆ. ಕೆಲಸ ಅವನದು, ಹೆಸರು ತಮ್ಮದು.

ಚೀನಾದಲ್ಲಿ ಬಟ್ಟೆ ಅಳೆದರೆ ಮೀಟರು ತಾವು. ಮಿಲಾನ್ ನಗರಕ್ಕೂ ಮಿಕ್ಕಿಮೌಸಿಗೂ ಮೊದಲಕ್ಷರ ತಾವು. ಬ್ರಿಟನ್ನಿನ ಬಾವುಟ ತಮ್ಮ ಆಕಾರ ಹೋಲುವುದರಿಂದ ಅದು ‘ಮಿ ಅಕ್ಷರದ ಬಾವುಟ’. ಮಕ್ಕಳು ಅಕ್ಷರ ತಿದ್ದುವ ಒಂದು ಬಗೆಯ ಚೌಕದೊಳಗೂ ತಮ್ಮದೇ ಗೆರೆ. ಅಲ್ಲಿ ಬೇರೆ ಯಾವ ಅಕ್ಷರ ಕಲಿಯಬೇಕಾದರೂ ತಮ್ಮ ಎದೆಯ ಮೇಲೆಯೇ ಬರೆಯಬೇಕು.

ಒಂದು ಉಪಕಾರವನ್ನು ಮಾತ್ರ ಕೊಂಕಿಲ್ಲದೆ ನೆನೆಯುತ್ತೇನೆ. 2018ರಲ್ಲಿ ಚೀನಾದ ಹೆಣ್ಣುಮಕ್ಕಳು ಮೀಟೂ ಎಂದು ಬಾಯಿಬಿಟ್ಟಾಗ ಆ ಮಾತನ್ನು ಜಾಲತಾಣಗಳಲ್ಲಿ ಸೆನ್ಸಾರಿನವರು ಅಳಿಸತೊಡಗಿದರು. ಆಗ ತಾವು ಮೊಲವನ್ನು ಜೊತೆಗೆ ಕರೆದುಕೊಂಡು ನಿಂತಿರಿ. ಮೊಲ ಅಲ್ಲಿ ‘ತು’; ಕೂಡಿದರೆ ‘ಮಿ-ತು’. ಒಂದು ಬಟ್ಟಲು ಅನ್ನ, ಒಂದು ಮೊಲದ ಮುಖ, ಇಷ್ಟು ಚಿತ್ರ ಹಾಕಿದರೂ ಓದುವವರಿಗೆ ತಿಳಿಯುತ್ತಿತ್ತು.

ಆದಕಾರಣ ವಿನಮ್ರ ಅರಿಕೆ: ಅಮೆರಿಕವನ್ನು ಇಟ್ಟುಕೊಳ್ಳಿ, ಮೀಟರನ್ನು ಇಟ್ಟುಕೊಳ್ಳಿ, ಇಲಿಯನ್ನೂ ಇಟ್ಟುಕೊಳ್ಳಿ. ನವಣೆಯ ತಲೆಯ ಮೇಲಿನ ಆ ‘ಸಣ್ಣ’ ಎಂಬುದನ್ನಷ್ಟು ಇಳಿಸಿ.

ಇಂತಿ ತಮ್ಮ ವಿಧೇಯ,
ನವಣಕ್ಕಿ ಅನ್ನದವನು

ವಿ.ಸೂ.: ಮಲ, ಗೊಬ್ಬರ ಎಂಬರ್ಥದ ಅಕ್ಷರದ ನೆತ್ತಿಯ ಮೇಲೂ ತಾವು ಕುಳಿತಿರುವುದನ್ನು ಕಂಡೆ. ಮೂಲದಲ್ಲಿ ಅಲ್ಲಿದ್ದದ್ದು ಎರಡು ಕೈಯಲ್ಲಿ ಮೊರ ಹಿಡಿದು ಎಸೆಯುವ ಕಸವಂತೆ, ತಾವಲ್ಲವಂತೆ. ಆ ಪೀಠವನ್ನು ಮಾತ್ರ ಯಾವ ಕಾರಣಕ್ಕೂ ನವಣೆಗೆ ಬಿಟ್ಟುಕೊಡಬೇಡಿ ಎಂದು ಪ್ರಾರ್ಥನೆ.